ರುಚಿ ನೋಡಿದ್ದು ಊಟವಲ್ಲ ಎಂದ ಅಪ್ಪನಿಗೆ

ಅಪ್ಪಾ,

ಗುಬ್ಬಿಯಿಂದ ಗುರುಪ್ರಕಾಶ ಬರೆಯುತ್ತಿದ್ದೇನೆ. ಫೋನ್ ಮಾಡಿದರೆ ಕಟ್ ಮಾಡುತ್ತೀಯ. ಅತ್ತೆಯ ಫೋನಿಗೆ ಮಾಡಿದರೆ, "ನಿಮ್ಮಪ್ಪ ಇಲ್ಲೇ ಕೂತವ್ನೆ ಕಣೋ, ಇಲ್ಲ ಅಂತ ಹೇಳು ಅಂತಾವ್ನೆ" ಎನ್ನುತ್ತಾಳೆ. ನೀನು ಕುಣಿಗಲ್ಲಿಗೆ ಅತ್ತೆಯ ಮನೆಗೆ ಹೋಗಿ ಹನ್ನೊಂದು ದಿನ ಆಯಿತು. ಪಿಯುಸಿ ಅರ್ಧಕ್ಕೆ ಬಿಟ್ಟವನು ಪತ್ರ ಬರೆಯುವಷ್ಟು ಬೆಳೆದನಾ ಎಂದು ನಗಬೇಡ. ಪತ್ರವನ್ನು ಕಟ್ ಮಾಡಲು ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹರಿದು ಹಾಕಬಹುದು. ಆದರೆ ನೀನು ಹರಿಯುವಷ್ಟರಲ್ಲಿ ಚಿಕ್ಕಗಂಗಮ್ಮತ್ತೆ ಪೂರ್ತಿ ಓದಿ ಕುಣಿಗಲ್ಲಿಗೆಲ್ಲ ಹೇಳಿರುತ್ತಾಳೆ.

ವಿಷಯಕ್ಕೆ ಬರುತ್ತೇನೆ. ಬರುವ ಬುಧವಾರ ತುಮಕೂರಿನ ಆಸ್ಪತ್ರೆಯಲ್ಲಿ ನಿನ್ನನ್ನು ಮತ್ತೆ ತೂಕಕ್ಕೆ ನಿಲ್ಲಿಸುತ್ತಾರೆ. ಅಂದು ನೀನು ಬರದಿದ್ದರೆ ಮಂಡಿ ಆಪರೇಷನ್ನಿನ ಪಟ್ಟಿಯಿಂದ ನಿನ್ನ ಹೆಸರು ತೆಗೆಯುತ್ತಾರಂತೆ. ಮತ್ತೆ ಹೆಸರು ಹಚ್ಚಿಸಿ ಸರದಿ ಬರಲು ಎಂಟು ತಿಂಗಳಾದರೂ ಬೇಕು. ಎಂಟು ತಿಂಗಳು ನೀನು ಆ ನೀಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಮದುವೆಮನೆಗಳ ಅಡುಗೆ ಮಾಡಬೇಕು. ಏಳುವಾಗ ಎರಡೂ ಕೈ ಊರಿ, ಹಲ್ಲು ಕಚ್ಚಿ, ಯಾರಾದರೂ ನೋಡುತ್ತಿದ್ದಾರಾ ಎಂದು ಸುತ್ತ ಕಣ್ಣಾಡಿಸುತ್ತೀಯಲ್ಲ, ಅದನ್ನು ನಾನು ಇನ್ನು ಎಂಟು ತಿಂಗಳು ನೋಡಲಾರೆ. ಹೋದ ಯುಗಾದಿಯ ಹೊತ್ತಿಗೆ ಕೊಪ್ಪರಿಗೆಯ ಪಕ್ಕ ನೀನು ಜಾರಿದ್ದು ನೆನಪಿದೆಯಲ್ಲ? ಕುದಿಯುವ ಸಾರಿಗೂ ನಿನಗೂ ಒಂದು ಮೊಳ ಅಂತರ ಇತ್ತು.

ನನಗೆ ನಿನ್ನ ಮೇಲೆ ಕೋಪ ಇದೆ. ಆದರೆ ಮೊದಲು ನನ್ನ ತಪ್ಪು ಹೇಳುತ್ತೇನೆ. ತೂಕ ಇಳಿಸುತ್ತದೆ ಎಂದು ಆ ಫ್ಲೇಕ್ಸ್ ಡಬ್ಬ ತಂದವನು ನಾನು. ಡಾಕ್ಟರು "ಎಂಟು ಕೆ.ಜಿ. ಇಳಿಸ್ಕೊಂಡು ಬನ್ನಿ, ಆಮೇಲೆ ಆಪರೇಷನ್" ಎಂದ ಸಂಜೆಯೇ ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದೆ. ಬೆಳಿಗ್ಗೆ ಒಂದು ಬಟ್ಟಲು, ಮಧ್ಯಾಹ್ನ ಒಂದು ಬಟ್ಟಲು, ಹಾಲಿನಲ್ಲಿ ನೆನೆಸಿ ತಿಂದರೆ ಹದಿನೈದು ದಿನಕ್ಕೆ ಮೂರು ಕೆ.ಜಿ. ಎಂದು ಒಬ್ಬಳು ಸೊಂಟ ತೋರಿಸಿ ಹೇಳುತ್ತಿದ್ದಳು. ನಂಬಿದೆ. ಓದುವುದು ಬೇಜಾರು ಎಂದು ಕಾಲೇಜು ಬಿಟ್ಟವನು, ಡಬ್ಬದ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುವುದನ್ನಾದರೂ ಓದಬಾರದಿತ್ತಾ? ಓದಲಿಲ್ಲ. ಮೊನ್ನೆ ಓದಿದೆ. ಒಂದು ಬಟ್ಟಲು ತಿನ್ನಬೇಕು, ಉಳಿದ ಊಟ ಹಿತಮಿತವಾಗಿರಬೇಕು, ನಡೆಯಬೇಕು ಎಂದಿದೆ. ಮಂಡಿ ಸವೆದವನು ಹೇಗೆ ನಡೆಯಬೇಕು ಎಂದು ಬರೆದಿಲ್ಲ.

ಮೊದಲ ಎರಡು ವಾರ ಇಳಿಯಿತು, ಇಲ್ಲ ಎನ್ನುವುದಿಲ್ಲ. ತೊಂಬತ್ತಾರು ಕೆ.ಜಿ. ಇದ್ದವನು ನೀನು ತೊಂಬತ್ಮೂರಾದೆ. ಅಮ್ಮ ನಿನ್ನ ಅಂಗಿಯ ಗುಂಡಿ ಒಳಕ್ಕೆ ಹೊಲಿದಳು. ಊರಿಗೆಲ್ಲ ಹೇಳಿಕೊಂಡು ಓಡಾಡಿದವನು ನಾನೇ. ಮೂರನೇ ವಾರ ಮುಳ್ಳು ನಿಂತಿತು. ಆಮೇಲೆ ಮೇಲಕ್ಕೆ ಹೊರಟಿತು. ನೀನು ಹಾಲು ಸುರಿಯುವುದು ಬಿಟ್ಟಿದ್ದೆ. "ದನದ ಬಾಯಿಗೂ ಇದಕ್ಕಿಂತ ರುಚಿಯಾಗಿರೋದು ಹಾಕ್ತೀವಲ್ಲೋ" ಎಂದು ಆ ಫ್ಲೇಕ್ಸಿಗೆ ಸಾಸಿವೆ, ಕಡ್ಲೆಬೀಜ, ಕರಿಬೇವು ಹಾಕಿ ಒಗ್ಗರಣೆ ಕೊಟ್ಟು, ಮೇಲೆ ಒಂದು ಹಿಡಿ ಕಾಯಿತುರಿ ಉದುರಿಸಿದೆ. ಅಮ್ಮನಿಗೂ ಒಂದು ತಟ್ಟೆ ಕೊಟ್ಟೆ. ನನಗೂ. ಬಹಳ ಚೆನ್ನಾಗಿತ್ತು, ಅದೂ ಸುಳ್ಳಲ್ಲ. ನಾನೇ ಎರಡು ಸಲ ಹಾಕಿಸಿಕೊಂಡೆ.

ನಿನ್ನ ಜೊತೆಯ ಅಡುಗೆಯವನು ಚಿಕ್ಕಮಾರಯ್ಯ ಅಂದು ಮನೆಗೆ ಬಂದಿದ್ದ. "ಏನ್ಲಾ ಸಿದ್ದಗಂಗ, ಕುದುರೆ ತಿನ್ನೋದನ್ನ ತಿಂತಾ ಇದೀಯಂತೆ? ಕುಣಿಗಲ್ ಸ್ಟಡ್ ಫಾರಂಗೆ ಸೇರ್ಕೊ. ಓಡ್ದೇ ಇದ್ರೂ ಬುಡು, ಮೇವಾದ್ರೂ ಪುಕ್ಕಟೆ ಸಿಗ್ತದೆ" ಎಂದ. ನೀನು ನಕ್ಕೆ. ಅವನು ಅಂದರೆ ನಗುತ್ತೀಯ. ನಾನು ಒಂದು ಮಾತು ಅಂದರೆ ಊರು ಬಿಡುತ್ತೀಯ.

ಆ ಮಾತಿಗೇ ಬರುತ್ತೇನೆ. ಆಸ್ಪತ್ರೆಯಲ್ಲಿ ಊಟದ ಪಟ್ಟಿ ಬರೆದುಕೊಡುವ ಶಾಂತಲಾ ಮೇಡಂ ಮುಂದೆ ಕೂತಿದ್ದೆವು. ತೂಕ ತೊಂಬತ್ತೈದು ಎಂದಿತ್ತು. "ಏನೇನು ತಿಂತೀರಿ?" ಎಂದು ಅವರು ಕೇಳಿದರು. ನೀನು ಬೆನ್ನು ನೆಟ್ಟಗೆ ಮಾಡಿ, "ಎರಡು ಹೊತ್ತು ಆ ಫ್ಲೇಕ್ಸೇ ಕಣಮ್ಮ. ರಾತ್ರಿ ಒಂದು ಮುದ್ದೆ. ಅದು ಬಿಟ್ರೆ ದೇವ್ರಾಣೆ ಏನೂ ಇಲ್ಲ" ಎಂದೆ. ನನಗೆ ತಡೆಯಲಾಗಲಿಲ್ಲ. "ಸುಳ್ಳು ಮೇಡಂ. ಒಲೆ ಮುಂದೆ ಬೆಳಿಗ್ಗೆಯಿಂದ ತಿಂತಾನೇ ಇರ್ತಾರೆ" ಎಂದೆ. ಬಾಗಿಲು ತೆರೆದೇ ಇತ್ತು. ಹೊರಗೆ ಚೀಟಿ ಹಿಡಿದು ಕೂತಿದ್ದವರೆಲ್ಲ ತಿರುಗಿದರು. ಯಾರೋ ಒಬ್ಬಳು ಸೆರಗು ಬಾಯಿಗೆ ಒತ್ತಿ ನಕ್ಕಳು. ನೀನು ಮೆಲ್ಲಗೆ ಕೇಳಿದೆ: "ರುಚಿ ನೋಡೋದು ಊಟವೇನ್ಲಾ?" ನಾನು ಉತ್ತರ ಕೊಡುವ ಮೊದಲೇ ನೀನು ಎದ್ದೆ. ಅಂದು ಕೈ ಊರದೆ ಎದ್ದೆ, ನಾನು ನೋಡಿದೆ. ಬಸ್ ಸ್ಟ್ಯಾಂಡಿನಲ್ಲಿ ಗುಬ್ಬಿ ಬಸ್ಸು ಬಿಟ್ಟು ಕುಣಿಗಲ್ ಬಸ್ಸು ಹತ್ತಿದೆ.

ಕೊನೆಯ ಪಂಕ್ತಿ ಏಳುವವರೆಗೂ ಅಡುಗೆಯವನು ಎಲೆ ಹಾಕಿಕೊಳ್ಳಬಾರದು ಎಂಬುದು ನೀನು ನಲವತ್ತು ವರ್ಷ ಹಿಡಿದುಕೊಂಡು ಬಂದ ನೇಮ. ಎಷ್ಟೋ ಮದುವೆಗಳಲ್ಲಿ ಮಧ್ಯಾಹ್ನ ನಾಲ್ಕೂವರೆಗೆ ತಳದ ಅನ್ನ ಉಂಡಿದ್ದೀಯ. ಅಂಥವನನ್ನು ಹತ್ತು ಜನರ ಮುಂದೆ "ತಿಂತಾನೇ ಇರ್ತಾರೆ" ಎಂದೆ. ಅಡುಗೆಯವನಿಗೆ ಅದಕ್ಕಿಂತ ಕೆಟ್ಟ ಬೈಗುಳ ಇಲ್ಲ ಎಂದು ಚಿಕ್ಕಮಾರಯ್ಯ ಆಮೇಲೆ ನನ್ನ ತಲೆ ಮೇಲೆ ಮೊಟಕಿ ಹೇಳಿದ. ನಾನು ಹೇಳಿದ್ದು ಸುಳ್ಳಲ್ಲ. ಹೇಳಿದ ಜಾಗ ತಪ್ಪು, ಹೇಳಿದ ರೀತಿ ಇನ್ನೂ ತಪ್ಪು.

ಆದರೆ ಬಾಯಿ ಮಾತಿಗೆ ನೀನೂ ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ. ಹಾಗಾಗಿ ಒಂದು ಕೆಲಸ ಮಾಡಿದೆ. ನೀನು ಹೋದ ಮರುದಿನದಿಂದ ನಿನ್ನ ಡಬ್ಬದಲ್ಲಿ ಉಳಿದದ್ದನ್ನು ನಾನು ತಿನ್ನಲು ಶುರು ಮಾಡಿದೆ. ನಿನ್ನದೇ ಬಟ್ಟಲು, ಅಷ್ಟೇ ಹಾಲು, ಒಗ್ಗರಣೆ ಇಲ್ಲ. ಶುಕ್ರವಾರ ತುಮಕೂರಿನ ಛತ್ರದಲ್ಲಿ ನಿಶ್ಚಿತಾರ್ಥದ ಅಡುಗೆ ಇತ್ತಲ್ಲ, ನೀನು ಒಪ್ಪಿಕೊಂಡು ಬಿಟ್ಟುಹೋದದ್ದು, ಅದಕ್ಕೆ ನಾನೂ ಚಿಕ್ಕಮಾರಯ್ಯನೂ ಹೋದೆವು. ಬೆಳಿಗ್ಗೆ ಆರಕ್ಕೆ ಒಂದು ಬಟ್ಟಲು ತಿಂದು ಒಲೆ ಹಚ್ಚಿದೆ. ಪಕ್ಕದಲ್ಲಿ ಒಂದು ಖಾಲಿ ಚೊಂಬು ಇಟ್ಟುಕೊಂಡೆ. ಸೌಟಿನಿಂದ ಅಂಗೈಗೆ ಎಷ್ಟು ಹಾಕಿಕೊಂಡು ನೆಕ್ಕಿದೆನೋ ಅಷ್ಟೇ ಚೊಂಬಿಗೂ ಹಾಕಿದೆ. ಎಂಟೂವರೆವರೆಗೆ ಏನೂ ಇಲ್ಲ. ಒಂಬತ್ತಕ್ಕೆ ಹೊಟ್ಟೆಯೊಳಗೆ ಯಾರೋ ಪಾತ್ರೆ ಉಜ್ಜಿದ ಹಾಗಾಯಿತು. ಆಮೇಲೆ ಸಾರಿನ ಉಪ್ಪು ನೋಡಿದೆ, ಹುಳಿ ನೋಡಿದೆ, ಮತ್ತೆ ಉಪ್ಪು ನೋಡಿದೆ. ಬಿಸಿಬೇಳೆಬಾತಿಗೆ ತುಪ್ಪ ಸಾಕಾ ಎಂದು ನೋಡಿದೆ. ಬೋಂಡಾ ಒಳಗೆ ಬೆಂದಿದೆಯಾ ಎಂದು ಒಂದು ಮುರಿದೆ, ಎರಡನೇ ಸಲ ಎಣ್ಣೆಗೆ ಬಿಟ್ಟದ್ದೂ ಬೆಂದಿದೆಯಾ ಎಂದು ಇನ್ನೊಂದು ಮುರಿದೆ. ಪಾಯಸವನ್ನಂತೂ ನಾಲ್ಕು ಸಲ ನೋಡಿದೆ.

ಚಿಕ್ಕಮಾರಯ್ಯ ನೋಡಿ ನೋಡಿ ಕೇಳಿದ, "ಏನ್ಲಾ ಅದು, ಚೊಂಬಲ್ಲಿ ಯಾವ ದೇವ್ರಿಗೆ ಎತ್ತಿಡ್ತಾ ಇದೀಯ?" ಅಪ್ಪನ ಊಟ ಅಳೆಯುತ್ತಿದ್ದೇನೆ ಎಂದೆ. "ಸಿದ್ದಗಂಗನ್ನ ಅಳೆಯೋಕೆ ಚೊಂಬು ತಂದವ್ನೆ ನೋಡು. ಲೇ, ಕೊಪ್ಪರಿಗೆ ತಗೊಳ್ಳೋ" ಎಂದ.

ಹನ್ನೆರಡೂವರೆಗೆ ಎಲೆ ಹಾಕುವ ಹೊತ್ತಿಗೆ ಒಂದು ಚೊಂಬು ತುಂಬಿ ಎರಡನೆಯದು ಅರ್ಧ ಆಗಿತ್ತು. ಅದನ್ನೆಲ್ಲ ಒಂದು ಅಗಲ ತಟ್ಟೆಗೆ ಸುರಿದು ನೋಡಿದೆ ಅಪ್ಪಾ. ಇಬ್ಬರು ಗಟ್ಟಿ ಆಳುಗಳ ಊಟ. ನನಗೆ ಇಪ್ಪತ್ತೊಂದು ವರ್ಷ, ಮನಸ್ಸು ಮಾಡಿದರೆ ಒಲೆ ಮುಂದೆಯೂ ಬಾಯಿ ಕಟ್ಟಬಹುದು ಎಂದು ನಿನಗೆ ತೋರಿಸಬೇಕೆಂಬ ಹಟ ಬೇರೆ. ಆದರೂ ಕೈ ತಾನಾಗಿ ಹೋಯಿತು. ತಿನ್ನುತ್ತಿದ್ದೇನೆ ಎಂದು ನನಗೂ ಒಂದು ಸಲವೂ ಅನ್ನಿಸಲಿಲ್ಲ. ಕೆಲಸ ಮಾಡುತ್ತಿದ್ದೇನೆ ಎಂದೇ ಅನ್ನಿಸಿತು. ಆ ತಟ್ಟೆ ನೋಡುತ್ತಾ ನಿಂತಾಗ ನನಗೆ ಅಳು ಬಂತೋ ಸಿಟ್ಟು ಬಂತೋ ತಿಳಿಯಲಿಲ್ಲ. ನೀನು ಮೇಡಂ ಮುಂದೆ ದೇವರಾಣೆ ಇಟ್ಟದ್ದು ಸುಳ್ಳಾಣೆಯಲ್ಲ ಎಂದು ಅಂದು ಗೊತ್ತಾಯಿತು.

ಮಾರನೆಯ ದಿನ ಶಾಂತಲಾ ಮೇಡಂ ಹತ್ತಿರ ಒಬ್ಬನೇ ಹೋದೆ. ಈ ಫ್ಲೇಕ್ಸ್ ಕೆಲಸ ಮಾಡುತ್ತದೋ ಇಲ್ಲವೋ, ಒಂದೇ ಮಾತಲ್ಲಿ ಹೇಳಿ ಎಂದು ಜಗಳಕ್ಕೆ ನಿಂತವನ ಹಾಗೆ ಕೇಳಿದೆ. ಅವರು ನಗಲಿಲ್ಲ. "ಎರಡು ಊಟ ಬಿಟ್ಟು ಎರಡು ಸಣ್ಣ ಬಟ್ಟಲು ತಿಂದ್ರೆ ಯಾರಾದ್ರೂ ಸ್ವಲ್ಪ ಇಳೀತಾರೆ. ಅದು ಡಬ್ಬದ ಮಹಿಮೆ ಅಲ್ಲ, ತಿಂದದ್ದು ಕಮ್ಮಿ ಆಯ್ತು ಅಷ್ಟೇ. ಆದ್ರೆ ಅದು ಹೊಟ್ಟೇಲಿ ನಿಲ್ಲೋದು ಕಮ್ಮಿ, ಬೇಗ ಹಸಿವಾಗುತ್ತೆ. ಹಸ್ಕೊಂಡು ಅಡುಗೆಮನೇಲಿ ಕೂತ್ರೆ ಏನಾಗುತ್ತೆ ಹೇಳಿ? ಎಷ್ಟು ದಿನ ಹಾಗೆ ಇರೋಕಾಗುತ್ತೆ?" ಎಂದರು. ಹಾಗಾದರೆ ಮುದ್ದೆ ತಿನ್ನಬಹುದಾ ಎಂದೆ. "ಸಣ್ಣ ಮುದ್ದೆ, ಸೊಪ್ಪು, ಕಾಳು ಜಾಸ್ತಿ. ಯಾರು ಬೇಡ ಅಂದ್ರು?" ಎಂದರು. ಯಾರೂ ಬೇಡ ಎಂದಿರಲಿಲ್ಲ. ನಾನು ಅಂದಿದ್ದೆ, ಒಂದು ವಿಡಿಯೋ ನೋಡಿಕೊಂಡು.

ಈಗ ಮುಖ್ಯವಾದದ್ದು. ಗುರುವಾರ ಹೆಬ್ಬೂರಿನ ಚನ್ನವೀರಯ್ಯನವರ ಮನೆಯಲ್ಲಿ ಪೂಜೆಯ ಅಡುಗೆ ಇತ್ತು. ಅಲ್ಲಿಯ ಆಳುಗಳೇ ಸಾಕೆಂದು ನೀನು ಯಾವಾಗಲೂ ಒಬ್ಬನೇ ಹೋಗುತ್ತಿದ್ದೆ, ನನ್ನನ್ನು ಕರೆದುಕೊಂಡು ಹೋದವನಲ್ಲ. ಸೌಟು ಎತ್ತಿ ಅಂಗೈ ಒಡ್ಡಿದೆ ನೋಡು, ಅವರ ಮನೆಯ ವನಜಮ್ಮ ಓಡಿಬಂದು ಕೈ ಹಿಡಿದರು. "ಅಯ್ಯೋ ಏನಪ್ಪಾ ನೀನು! ದೇವ್ರಿಗೆ ಎಡೆ ಆಗೋವರ್ಗೂ ನಾಲ್ಗೆಗೆ ಇಡಂಗಿಲ್ಲ ನಮ್ಮನೇಲಿ. ನಿಮ್ಮಪ್ಪ ಹದಿನಾರು ವರ್ಷದಿಂದ ಮಾಡ್ತವ್ರೆ, ಒಂದ್ ತೊಟ್ಟು ನೆಕ್ಕಿಲ್ಲ. ಆವಿ ಮೂಗಿಗೆ ತಗಂಡು ಉಪ್ಪು ಹೇಳೋರು" ಎಂದರು.

ನಾನು ಸೌಟು ಹಿಡಿದೇ ನಿಂತಿದ್ದೆ. ಮುನ್ನೂರು ಜನಕ್ಕೆ, ನಾಲಗೆಗೆ ಒಂದು ತೊಟ್ಟು ಇಡದೆ ನೀನು ಅಡುಗೆ ಮಾಡುತ್ತೀಯ! ಮಾಡಲು ಬರುತ್ತದೆ ನಿನಗೆ! ಯಾಕೆ ಹೇಳಲಿಲ್ಲ ಎಂದು ಕೋಪ ನೆತ್ತಿಗೇರಿತು. ಆಮೇಲೆ ವನಜಮ್ಮನನ್ನೇ ಕೇಳಿದೆ, ಅಷ್ಟು ಹೊತ್ತು ಹೇಗೆ ತಡೆಯುತ್ತಿದ್ದರು ಎಂದು. "ತಡೆಯೋದೇನು? ಬರ್ತಿದ್ದಂಗೇ ಹಿತ್ಲಲ್ಲಿ ಕೂರ್ಸಿ ಮುದ್ದೆ, ಸೊಪ್ಪಿನ ಸಾರು ಇಕ್ತಿದ್ದೆ. ಉಂಡು, ಕೈಕಾಲು ತೊಳ್ಕಂಡು ಒಲೆ ಹಚ್ಚೋರು" ಎಂದರು. ನನಗೂ ಹಾಗೇ ಇಕ್ಕಿದರು. ಮಧ್ಯಾಹ್ನ ಒಂದು ಗಂಟೆಯವರೆಗೆ ನನ್ನ ಕೈ ಯಾವ ಪಾತ್ರೆಯ ಕಡೆಗೂ ಹೋಗಲಿಲ್ಲ. ಹೋಗಬೇಕು ಎಂದೇ ಅನ್ನಿಸಲಿಲ್ಲ.

ನಾನೂ ಆವಿ ಮೂಸಿಯೇ ಉಪ್ಪು ಹಾಕಿದೆ, ಸಾರಿಗೆ ಕಡಿಮೆಯಾಯಿತು, ಅದನ್ನೂ ಹೇಳಿಬಿಡುತ್ತೇನೆ. ಪಂಕ್ತಿಯಲ್ಲಿ ಒಬ್ಬರಲ್ಲ, ಎಲ್ಲರೂ ಉಪ್ಪು ಕೇಳಿದರು. ಚನ್ನವೀರಯ್ಯನವರು ಕರೆದು, "ಸಿದ್ದಗಂಗಯ್ಯನ ಮಗ ಅಲ್ವೇನಪ್ಪಾ? ಮೂಗು ಅಮ್ಮನ ಕಡೇದಾ?" ಎಂದರು. ಎಲ್ಲರೂ ನಕ್ಕರು. ಜನರ ಮುಂದೆ ಹಾಗೆ ನಿಲ್ಲುವುದು ಹೇಗಿರುತ್ತದೆ ಎಂದು ನನಗೂ ಗೊತ್ತಾಯಿತು.

ಹಾಗಾಗಿ ಕೇಳುತ್ತಿದ್ದೇನೆ. ಆ ಡಬ್ಬ ಸಾಕು. ಉಳಿದ ಪುಡಿಯನ್ನು ಅಮ್ಮ ಹಿತ್ತಲಲ್ಲಿ ಕೋಳಿಗೆ ಹಾಕಿದ್ದಾಳೆ. ಬೆಳಿಗ್ಗೆ ಸಣ್ಣ ಮುದ್ದೆ ಉಂಡು ಒಲೆ ಹಚ್ಚು, ಎಲ್ಲಾ ಮನೆಯನ್ನೂ ಹೆಬ್ಬೂರಿನ ಮನೆ ಎಂದುಕೊಂಡು ಅಡುಗೆ ಮಾಡು. ಬುಧವಾರದ ಹೊತ್ತಿಗೆ ಎಂಬತ್ತೆಂಟು ಆಗುವುದಿಲ್ಲ, ಸುಳ್ಳು ಆಸೆ ಹುಟ್ಟಿಸುವುದಿಲ್ಲ. ಅಂದು ನೀನು ಬಂದು ನಿಂತರೆ ಸಾಕು, ಹೆಸರು ಉಳಿಸಿಕೊಂಡು ಇನ್ನೆರಡು ತಿಂಗಳು ಕೊಡುತ್ತೇವೆ ಎಂದಿದ್ದಾರೆ. ಆಸ್ಪತ್ರೆಯ ಬಾಗಿಲಲ್ಲಿ ಹತ್ತು ಗಂಟೆಯಿಂದ ಕಾಯುತ್ತಿರುತ್ತೇನೆ. ಮೇಡಂ ಏನು ಕೇಳಿದರೂ ನೀನೇ ಹೇಳು, ನಾನು ಹೊರಗೇ ಕೂರುತ್ತೇನೆ. ಒಳಗೆ ಸುಳ್ಳು ಹೇಳಿದರೆ ಆಮೇಲೆ ಜಗಳ ಆಡುತ್ತೇನೆ, ಬಿಡುವುದಿಲ್ಲ. ಆದರೆ ಬಸ್ಸಿನಲ್ಲಿ, ನಾವಿಬ್ಬರೇ ಇರುವಾಗ, ಮೆಲ್ಲಗೆ.

ಅತ್ತೆ ಬಲವಂತ ಮಾಡಿ ಇಕ್ಕುವ ಎರಡನೇ ಮುದ್ದೆಯಿಂದ ಆ ದೇವರು ನಿನ್ನನ್ನು ಕಾಪಾಡಲಿ. ಆಪರೇಷನ್ ಆಗುವವರೆಗೂ ನಿನ್ನ ಮಂಡಿ ತಡೆದುಕೊಳ್ಳಲಿ. ಕಾಲಿಗೆ ಬೀಳುತ್ತೇನೆ, ನೋಯುವ ಕಾಲಿಗೇ.

ನಿನ್ನ ಬಾಯಿಬಡುಕ ಮಗ,
ಗುರುಪ್ರಕಾಶ