ಗಾಳಿ ಇಳಿಸಿದವನು

ಫೆಬ್ರವರಿ ೧೯, ಗುರುವಾರ

ಸಿಟ್ಟಿನಿಂದ ಮೈಯೆಲ್ಲ ಉರಿಯುತ್ತಿದೆ. ಬರೆಯದಿದ್ದರೆ ನಿದ್ದೆ ಬಾರದು.

ನಿದ್ದೆಯಲ್ಲಿ ಉಸಿರು ಕಟ್ಟುವ ನನ್ನ ಕಾಯಿಲೆಗೆ ಮೂಗಿನ ಮಾಸ್ಕ್ ಮೂಲಕ ಗಾಳಿ ಒತ್ತುವ ಯಂತ್ರ ಬಂದಮೇಲೆ ಚೆನ್ನಾಗಿದ್ದೆ. ಈಚೆಗೆ ಮತ್ತೆ ಬೆಳಗ್ಗೆ ತಲೆನೋವು, ಹಗಲೆಲ್ಲ ತೂಕಡಿಕೆ. ಗಂಡನಿಗೆ ಹೇಳಿದರೆ, "ವಯಸ್ಸಾಯ್ತಲ್ಲ, ಸ್ವಲ್ಪ ತೂಕ ಇಳಿಸು" ಎಂದ. ಹೌದು, "ಎಂದ". ಇವತ್ತು "ಎಂದರು" ಎಂದು ಬರೆಯಲು ಕೈ ಬರುತ್ತಿಲ್ಲ.

ನಿನ್ನೆ ನಾನು ಓಡಿಸುವ ಶಾಲೆಯ ವ್ಯಾನ್ ಸಿಗ್ನಲ್‌ನಲ್ಲಿ ನಿಂತಾಗ ಸ್ಟಿಯರಿಂಗ್ ಹಿಡಿದಲ್ಲೇ ಕಣ್ಣು ಮುಚ್ಚಿತು. ಕಾಲು ಬ್ರೇಕಿನಿಂದ ಜಾರಿ ವ್ಯಾನ್ ಮುಂದಿನ ಕಾರಿಗೆ ತಾಗಿತು. "ಆಂಟಿ, ನಿದ್ದೆ ಮಾಡಿದ್ರಾ?" ಎಂದು ಹಿಂದಿನಿಂದ ಒಬ್ಬಳು ನಕ್ಕಳು. ಮಕ್ಕಳಿಗೇನೂ ಆಗಲಿಲ್ಲ. ಕೀಲಿಯನ್ನು ನಾನೇ ವ್ಯಾನ್ ಮಾಲೀಕರ ಕೈಗೆ ಕೊಟ್ಟು ಬಂದೆ.

ಇವತ್ತು ಯಂತ್ರವನ್ನು ಡಾಕ್ಟರಮ್ಮನ ಬಳಿ ಒಯ್ದೆ. "ಗಾಳಿಯ ಒತ್ತಡ ಇಷ್ಟು ಕಡಿಮೆ ಮಾಡಿದ್ದು ಯಾರು? ನಾನಂತೂ ಹೇಳಿಲ್ಲ" ಎಂದರು. ಮತ್ತೆ ಏರಿಸಿ, ಬೇರೆಯವರು ಬದಲಿಸದಂತೆ ಲಾಕ್ ಮಾಡಿಕೊಟ್ಟರು.

ಮನೆಗೆ ಬಂದು ಕೇಳಿದೆ. ಟಿವಿಯಿಂದ ಕಣ್ಣು ಕೀಳದೆ, "ಅದರ ಬುಸ್ ಬುಸ್ ಸದ್ದಿಗೆ ನನಗೆ ನಿದ್ದೆ ಬರ್ತಿರಲಿಲ್ಲ. ಮೊಬೈಲ್‌ನಲ್ಲಿ ನೋಡಿ ಇಳಿಸ್ದೆ. ಅದಕ್ಯಾಕೆ ಇಷ್ಟು ರಂಪ?" ಎಂದ.

"ಒಂದು ಮಾತು ಹೇಳ್ಬೇಕು ಅನ್ನಿಸ್ಲಿಲ್ವಾ?"

"ಹೇಳಿದ್ರೆ ನೀನು ಬಿಡ್ತಿದ್ಯಾ?"

ನಾನು ತೂಕಡಿಸುವುದನ್ನು ದಿನವೂ ನೋಡುತ್ತ, ಕಾರಣ ಗೊತ್ತಿದ್ದೂ ನನಗೇ ಬುದ್ಧಿ ಹೇಳಿದ್ದಾನೆ! ಸದ್ದು ತಡೆಯಲಾರದಿದ್ದರೆ ಕಿವಿಗೆ ಹತ್ತಿ ತುರುಕಿಕೊಳ್ಳಬೇಕಿತ್ತು. ಇವನಿಗೆ ನನ್ನ ಉಸಿರೇ ಸಿಕ್ಕಿತೇ?

ಕೋಣೆಯ ಚಿಲಕ ಹಾಕಿದ್ದೇನೆ. ಹೊರಗಿನಿಂದ ಬಾಗಿಲು ತಟ್ಟುತ್ತಿದ್ದಾನೆ, ದಿಂಬು ಬೇಕಂತೆ. ತಟ್ಟಲಿ. ಮಾಸ್ಕ್ ಹಾಕಿಕೊಂಡರೆ ಉತ್ತರ ಕೊಡುವ ಕಷ್ಟವೂ ಇಲ್ಲ. ನಾಳೆ ಆ ಮಕ್ಕಳ ತಾಯಂದಿರ ಮುಂದೆ ನಿಂತು ನಾನು ಏನೆಂದು ಹೇಳಲಿ?