ಸಾಲಿನಲ್ಲಿ ಮೊದಲು ನಿಂತವಳು

ಅರೆಕಿಪಾ, ಶುಕ್ರವಾರ, ಜನವರಿ 24

ಹಂದಿಮಾಂಸ ಬಂತು. ಈರುಳ್ಳಿ, ಒಣಮೆಣಸು, ನೆನೆಹಾಕಲು ಚಿಚಾ, ಅದೇ ಜೋಳದ ಹೆಂಡ. ಭಾನುವಾರದ ಅದೋಬೋ ಸಾರಿಗೆ ಎಲ್ಲ ತಯಾರು. ನಾಳೆಯಿಂದ ಹೆಂಡ ಮಾರುವಂತಿಲ್ಲ, ಭಾನುವಾರ ಪಾರ್ಲಿಮೆಂಟ್ ಚುನಾವಣೆ.

ಎದುರುಮನೆ ದೊಮಿತಿಲಾ ಕಿಟಕಿಯಲ್ಲಿ ಇಣುಕಿದಳು. ನನ್ನ ಮಗನ ಜ್ಞಾನಸ್ನಾನಕ್ಕೆ ಧರ್ಮತಾಯಿಯಾಗಿ ನಿಂತ ಕೊಮಾದ್ರೆ! 'ಸಾತುರ್ನಿನಾ ಚಿಚಾ ಹಾಕಲ್ಲ, ವಿನೆಗರ್ ಹಾಕ್ತಾಳೆ' ಅಂತ ನನ್ನ ಬಗ್ಗೆ ಸಂತೆಗೆಲ್ಲ ಸಾರಿದವಳು. ಏಳು ವರ್ಷದಿಂದ ಮಾತಿಲ್ಲ. ತಪ್ಪಾಯಿತು ಅಂತ ಅವಳ ಬಾಯಿಂದ ಕೇಳದೆ ನಾನು ಸಾಯುವುದಿಲ್ಲ.

ಭಾನುವಾರ, 26. ಬೆಳಿಗ್ಗೆ 7.30

ಶಾಲೆಯ ಗೇಟು. ಮತಗಟ್ಟೆಗೆ ನೇಮಿಸಿದವರು ಬರದಿದ್ದರೆ ಸಾಲಿನಲ್ಲಿ ಮೊದಲು ನಿಂತವರನ್ನೇ ಹಿಡಿದು ಕೂರಿಸುತ್ತಾರೆ. ಹಾಗಾಗಿ ಸಾಲೇ ಇಲ್ಲ. ಇಡೀ ಬೀದಿ ಬೇಕರಿ ಮರೆಯಲ್ಲಿ. ಪಾದ್ರಿಗಳು ಕಾಲು ಗಂಟೆಯಿಂದ ಶೂ ಲೇಸು ಕಟ್ಟುತ್ತಿದ್ದಾರೆ.

ಮನೆಯಲ್ಲಿ ಪಾತ್ರೆ ಒಲೆಯ ಮೇಲಿದೆ. ಗಂಡ ಇಲಾರಿಯೋ ಕಾವಲು — ಬೆಕ್ಕನ್ನು ಹಾಲಿಗೆ ಕಾವಲಿಟ್ಟಂತೆ.

"ನೀವೇ ಮುಂದೆ ಹೋಗಿ ಕೊಮಾದ್ರೆ. ಒಲೆ ಮೇಲೆ ಪಾತ್ರೆ ಇದೆಯಲ್ಲ, ಪಾಪ."

ದೊಮಿತಿಲಾ! ಏಳು ವರ್ಷದಲ್ಲಿ ಮೊದಲ ಮಾತು. ಕರಗಿದೆ. ಹೋದೆ.

9.00

ಮತಗಟ್ಟೆಯ ಅಧ್ಯಕ್ಷೆಯಾಗಿದ್ದೇನೆ. ಹಿಂದೆ ನಿಂತು ಕಿಸಿಕಿಸಿ ನಗುತ್ತಿದ್ದ ದೊಮಿತಿಲಾಳನ್ನೂ ಹಿಡಿದರು, ಅವಳು ಕಾರ್ಯದರ್ಶಿ. ತೋಡಿದ ಗುಂಡಿಗೆ ತಾನೇ ಬಿದ್ದಳು. ಸಂಜೆಯ ತನಕ ಒಂದೇ ಮೇಜು.

1.30

ಇಲಾರಿಯೋ ಎರಡು ಬಟ್ಟಲು ಅದೋಬೋ ತಂದ. ಮೊದಲ ಚಮಚಕ್ಕೇ ಗೊತ್ತಾಯಿತು... ವಿನೆಗರ್!

ಕಿವಿಯಲ್ಲಿ ಹೇಳಿದ: "ಸಾರು ಬತ್ತಿತ್ತು ಕಣೇ. ಚಿಚಾ ಕೇಳಿದ್ರೆ ಯಾರೂ ಕೊಡ್ಲಿಲ್ಲ, ಎಲೆಕ್ಷನ್ ಅಂದ್ರು. ಕೈಗೆ ಸಿಕ್ಕಿದ ಬಾಟಲಿ ಸುರಿದೆ."

ಎರಡನೇ ಬಟ್ಟಲು ಆಗಲೇ ದೊಮಿತಿಲಾ ಮುಂದೆ. ಅವಳು ತಿಂದಳು. ಬ್ರೆಡ್ಡಿನಿಂದ ಬಟ್ಟಲು ಒರೆಸಿದಳು. ಕಣ್ಣಲ್ಲಿ ನೀರು.

"ತಪ್ಪಾಯ್ತು ಕೊಮಾದ್ರೆ. ಹೊಟ್ಟೆಕಿಚ್ಚಿಗೆ ಸುಳ್ಳು ಹೇಳ್ದೆ. ವಿನೆಗರ್ ಹಾಕಿದ್ರೆ ಈ ರುಚಿ ಬರುತ್ತಾ?"

ನಾನೂ ಅತ್ತೆ. ವಿನೆಗರ್ ವಿಷಯ ಸಾರಿನ ಜೊತೆ ನುಂಗಿಕೊಂಡೆ.

ಸೋಮವಾರ, 27

ಸಂತೆಯಲ್ಲಿ ನಿಂತು ಸಾರಿದಳಂತೆ — ಸಾತುರ್ನಿನಾ ಜನ್ಮದಲ್ಲಿ ವಿನೆಗರ್ ಮುಟ್ಟಿದವಳಲ್ಲ. ಯಾರು ಗೆದ್ದರೋ ನನಗೆ ಗೊತ್ತಿಲ್ಲ. ನಾನಂತೂ ಗೆದ್ದೆ. ಇಲಾರಿಯೋ ಶಿಳ್ಳೆ ಹಾಕುತ್ತ ಓಡಾಡುತ್ತಿದ್ದಾನೆ, ಕತ್ತೆ.

ಭಾನುವಾರ, ಫೆಬ್ರವರಿ 2. ಬೆಳಿಗ್ಗೆ 6.30

ಅಪ್ಪಟ ಚಿಚಾ ಹಾಕಿ ಮಾಡಿದೆ. ದೊಮಿತಿಲಾ ಬಂದಳು, ಕೂತಳು, ಒಂದು ಚಮಚ ಬಾಯಿಗಿಟ್ಟಳು. ಮುಖ ಬಾಡಿತು.

"ಯಾಕೋ ಆವತ್ತಿನ ಹಾಗಿಲ್ಲ ಕೊಮಾದ್ರೆ. ಏನೋ ಕಮ್ಮಿ ಆಗಿದೆ. ಇರಿ, ಮಗಳನ್ನ ಕರ್ಕೊಂಡ್ ಬರ್ತೀನಿ, ಅವಳೂ ನೋಡ್ಲಿ."

ಇಲಾರಿಯೋ ಗದ್ದ ಎತ್ತಿ ವಿನೆಗರ್ ಇಟ್ಟ ಗೋಡೆಗೂಡು ತೋರಿಸಿದ.

ಏಳು ವರ್ಷ ಸತ್ಯವಂತೆಯಾಗಿದ್ದು ಬೈಸಿಕೊಂಡೆ. ಬಾಟಲಿ ಈಗ ಎಡಗೈಯಲ್ಲಿದೆ. ಬಾಗಿಲು ತಟ್ಟುತ್ತಿದ್ದಾರೆ. ಒಂದೇ ಒಂದು ಚಮ—