ಹಲಗೆಗೆ ಕಟ್ಟಿದ ಕೀಲಿ

ಮಾನ್ಯ ರೈಲ್ವೆ ಅಧಿಕಾರಿಗಳೇ,

ನಮ್ಮ ಲೋಕಲ್ ಸ್ಟೇಷನ್ನಿನ ಹೆಂಗಸರ ಶೌಚಾಲಯಕ್ಕೆ ನೀವು ಬೀಗ ಹಾಕಿದ್ದೀರಿ. ಶೌಚಾಲಯ ಇರುವುದು ಎರಡನೆಯ ಪ್ಲಾಟ್‌ಫಾರ್ಮಿನ ತುದಿಯಲ್ಲಿ. ಕೀಲಿ ಇರುವುದು ಒಂದನೆಯ ಪ್ಲಾಟ್‌ಫಾರ್ಮಿನ ಟಿಕೆಟ್ ಕಿಟಕಿಯೊಳಗೆ. ನಡುವೆ ಮೇಲ್ಸೇತುವೆ. ಈ ನಕ್ಷೆ ಬರೆದವರು ಒಮ್ಮೆಯಾದರೂ ಹೊಟ್ಟೆ ಹಿಡಿದುಕೊಂಡು ಆ ಮೆಟ್ಟಿಲು ಹತ್ತಿದ್ದಾರೆಯೇ?

ಪುಣೆಯ ಈ ಸ್ಟೇಷನ್ನಿನ ಹೆಸರನ್ನು ಬೇಕೆಂದೇ ಬರೆದಿಲ್ಲ. ಬರೆದರೆ ನೀವು ಕಸ ಗುಡಿಸುವವರಿಗೊಂದು ನೋಟೀಸು ಕೊಟ್ಟು ಕೈತೊಳೆದುಕೊಳ್ಳುತ್ತೀರಿ. ಮರಾಠಿಯಲ್ಲೂ ಇಂಗ್ಲಿಷಿನಲ್ಲೂ ಹೆಸರು ಸಮೇತ ಕೊಟ್ಟ ಅರ್ಜಿಗಳಿಗೆ ಉತ್ತರ ಬಂದಿಲ್ಲ. ಈಗ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಓದುವವರಾದರೂ ಸಿಕ್ಕಾರು.

ಕಳೆದ ವರ್ಷ ನೀವು ಸ್ಟೇಷನ್ನಿನ ಗೋಡೆಯ ಮೇಲೆ ಅದರ ಇತಿಹಾಸವನ್ನು ಚಿತ್ರವಾಗಿ ಬರೆಸಿದಿರಿ. ಉಗಿಬಂಡಿ, ಹಸಿರು ಬಾವುಟ ಹಿಡಿದ ಗಾರ್ಡು, ಊಟದ ಡಬ್ಬಿ ಹಿಡಿದ ಕಾರ್ಖಾನೆಯ ಗಂಡಸರು. ಒಬ್ಬ ಹೆಂಗಸೂ ಇಲ್ಲ. ಚಿತ್ರಕಾರನನ್ನು ದೂರುವುದಿಲ್ಲ, ಅವನು ನಿಜವನ್ನೇ ಬರೆದಿದ್ದಾನೆ. ಕಾರ್ಖಾನೆಯ ಪಾಳಿಗಾಗಿ ಕಟ್ಟಿದ ಸ್ಟೇಷನ್ ಇದು. ಗಂಡಸರು ಇಳಿದರು, ಗಂಡಸರು ಹತ್ತಿದರು. ಅವಸರವಾದವರಿಗೆ ಗೋಡೆಯೇ ಸಾಕಾಯಿತು. ಅದರ ವಾಸನೆ ಇಂದಿಗೂ ಹೋಗಿಲ್ಲ. ಪಾರಂಪರಿಕ ಸಂಪತ್ತೆಂದು ಅದನ್ನೂ ಕಾಪಾಡಿಕೊಂಡು ಬಂದಿದ್ದೀರಿ, ಧನ್ಯವಾದ.

ಆ ಕೀಲಿಗೆ ಮೊಳದುದ್ದದ ಹಲಗೆ ಕಟ್ಟಿದ್ದೀರಿ, ಕಳೆಯಬಾರದಲ್ಲ. ಅದನ್ನು ಹಿಡಿದು ಸೇತುವೆಯ ಮೇಲೆ ನಡೆದರೆ, ನಾನು ಎಲ್ಲಿಗೆ ಹೊರಟಿದ್ದೇನೆಂದು ಎರಡೂ ಪ್ಲಾಟ್‌ಫಾರ್ಮುಗಳಿಗೆ ಗೊತ್ತಾಗುತ್ತದೆ. ನಾಲ್ಕು ಜನರೆದುರು ಟಿಕೆಟ್ಟನ್ನೇ ಮೆಲ್ಲಗೆ ಕೇಳುವವಳು ನಾನು. ಹಾಗಾಗಿ ಮನೆಯಿಂದ ನೀರು ಕುಡಿಯದೆ ಹೊರಡುವುದನ್ನು ಕಲಿತೆ.

ಗರ್ಭಿಣಿಗೆ ಆ ವಿದ್ಯೆ ಕಲಿಸುವುದು ಹೇಗೆ? ನಮ್ಮ ಓಣಿಯ ಸಾಬವ್ವ ಕಟ್ಟಡದ ಕೆಲಸದವರು. ಸೊಸೆ ಭಾಮಾಳಿಗೆ ಎಂಟು ತಿಂಗಳು. ಹೋದ ಸೋಮವಾರ ಇಬ್ಬರೂ ದವಾಖಾನೆಗೆಂದು ಎರಡನೆಯ ಪ್ಲಾಟ್‌ಫಾರ್ಮಿನಲ್ಲಿ ಲೋಕಲ್ಲಿಗೆ ಕಾಯುತ್ತಿದ್ದರು, ನಾನೂ ಅಲ್ಲೇ ಇದ್ದೆ. ಭಾಮಾ ಒಂದೇ ಸಮನೆ ಒದ್ದಾಡುತ್ತಿದ್ದಳು.

"ತಂಗಿ, ನೀ ಹೋಗಿ ಕೇಳವ್ವಾ. ನನಗ ಕೊಡಂಗಿಲ್ಲ ಆ ಮನುಷ್ಯ" ಎಂದರು ಸಾಬವ್ವ.

ಹೋದೆ. ಕಿಟಕಿಯೊಳಗಿನವರು ಯಾರಿಗೆಂದು ಮರಾಠಿಯಲ್ಲಿ ಕೇಳಿದರು. ಆಚೆಯ ಪ್ಲಾಟ್‌ಫಾರ್ಮಿನ ಭಾಮಾಳನ್ನು ತೋರಿಸಿದೆ. ಸೈಟಿನ ಹೆಂಗಸರಿಗೆ ಕೊಡುವುದಿಲ್ಲ, ಹೊಲಸು ಮಾಡುತ್ತಾರೆ ಎಂದರು. ನನ್ನ ಹೆಗಲ ಚೀಲವನ್ನೂ ಕನ್ನಡಕವನ್ನೂ ನೋಡಿ, ನಿಮಗಾದರೆ ಒಯ್ಯಿರಿ ಎಂದರು. ಸಾಲಿನಲ್ಲಿದ್ದ ಗಂಡಸರೆದುರು, ನನಗೇ ಎಂದೆ. ಹಲಗೆ ಹಿಡಿದು ಓಡಿದೆ.

ಆಚೆ ಸೇತುವೆ ಇಳಿಯುವಲ್ಲಿ ಶೇಂಗಾ ಮಾರುವ ಹುಲಿಗೆಪ್ಪ ನಕ್ಕ. "ಏನ್ರಿ ಅಕ್ಕಾರ, ಬ್ಯಾಟ್ ಹಿಡ್ಕೊಂಡು ಮ್ಯಾಚಿಗೆ ಹೊಂಟ್ರೇನು?"

"ನೀ ಬಾಲ್ ಹಾಕು ಬಾ, ನಿನ್ನ ಮಾರಿಗೇ ಹೊಡಿತೀನಿ!" ಸಾಬವ್ವ ಅಲ್ಲಿಂದಲೇ ಕೂಗಿದರು.

ನಾನು ತಲುಪುವಷ್ಟರಲ್ಲಿ ಭಾಮಾಳ ಸೀರೆ ಒದ್ದೆಯಾಗಿತ್ತು. ಲೋಕಲ್ ಬಂತು, ಹೋಯಿತು. "ಹಿಂಗ ದವಾಖಾನಿಗೆ ಹ್ಯಾಂಗ ಹೋಗ್ಲಿ ಅತ್ತಿ?" ಎಂದಳು, ಅಷ್ಟೇ. ಮನೆಗೆ ಮರಳಿದವಳು ಇನ್ನು ಆ ಸ್ಟೇಷನ್ನಿಗೆ ಕಾಲಿಡುವುದಿಲ್ಲ ಎಂದು ಕೂತಿದ್ದಾಳೆ. ಅವಳಿಗೆ ರಕ್ತ ಕಡಿಮೆ ಇದೆ, ತಪಾಸಣೆ ತಪ್ಪಿಸಬೇಡಿ ಎಂದು ಡಾಕ್ಟರು ಹಿಂದೆಯೇ ಹೇಳಿದ್ದಾರೆ. ರಿಕ್ಷಾಕ್ಕೆ ಅವರಲ್ಲಿ ಹಣವಿಲ್ಲ.

ಅವರು ಹೋದ ಮೇಲೆ ನಾನು ಬೀಗ ತೆರೆದು ನೋಡಿದೆ. ನಿಮ್ಮ ಇತಿಹಾಸದ ಗೋಡೆಗೆ ಬಳಿದು ಉಳಿದ ಬಣ್ಣದ ಡಬ್ಬಿಗಳು. ಒಣಗಿದ ನಲ್ಲಿ. ಮೂಲೆಯಲ್ಲಿ ಬೀಡಿ ತುಂಡುಗಳು, ಗೋಡೆಯ ತುಂಬ ಗುಟ್ಕಾದ ಕೆಂಪು ಉಗುಳು. ಸೈಟಿನ ಹೆಂಗಸರಿಗೆ ಕೀಲಿಯೇ ಸಿಗುವುದಿಲ್ಲ. ಹಾಗಾದರೆ ಇಲ್ಲಿ ಹೊಲಸು ಮಾಡಿದವರು ಯಾರು, ಮಾನ್ಯರೇ? ಅವರಿಗೆ ಕೀಲಿ ಕೊಡುವಾಗ ಚೀಲ, ಕನ್ನಡಕ ನೋಡಿದ್ದಿರಾ?

ಭಾಮಾಳ ಮುಂದಿನ ತಪಾಸಣೆ ಬರುವ ಸೋಮವಾರ. ಅಷ್ಟರೊಳಗೆ ಬೀಗ ತೆಗೆಸಿ, ನೀರು ಬಿಡಿಸಿ, ಒಳಗಿನಿಂದ ಹಾಕಿಕೊಳ್ಳಲು ಒಂದು ಚಿಲಕ ಹಾಕಿಸಿ. ಬೇರೇನೂ ಬೇಡ. ಕೀಲಿಯನ್ನು ನಾನು ಹಿಂದಿರುಗಿಸಿಲ್ಲ. ಹಲಗೆ ಸಮೇತ ಅದು ಸಾಬವ್ವನ ಬಾಗಿಲಿನ ಮೊಳೆಗೆ ನೇತಾಡುತ್ತಿದೆ. ನಿಮ್ಮ ಮನೆಯ ಹೆಂಗಸರು ಎಂದಾದರೂ ನಮ್ಮ ಸ್ಟೇಷನ್ನಿನಲ್ಲಿ ಇಳಿದು ಅವಸರವಾದರೆ ಅಲ್ಲಿ ಕೇಳಲಿ. ಯಾರಿಗೆ ಎಂದು ಸಾಬವ್ವ ಕೇಳುವುದಿಲ್ಲ.

ಇಂತಿ,
ಶೌಚಾಲಯಕ್ಕೆ ಯೋಗ್ಯಳೆಂದು ನಿಮ್ಮ ಕಿಟಕಿಯಿಂದ ಮಾನ್ಯತೆ ಪಡೆದ
ರೇಣು, ಎಂ.ಎ.